ಬೆಜವಾಡದ ಬಿಸಿಲು, ಅಬಿಂಗ್ಡನ್ನಿನ ಎಂಜಿನು

ಮಕ್ಕಳ ಪರೀಕ್ಷೆಗಳು ಮುಗಿದು ಬೇಸಿಗೆಯ ರಜೆ ಬಂತೆಂದರೆ ಹೊರನಾಡ ಕನ್ನಡಿಗರ ಮನೆಗಳಲ್ಲಿ ಊರಿನ ಮಾತು ಆರಂಭವಾಗುತ್ತದೆ. ವಿಶಾಖಪಟ್ಟಣದ ಬಂದರು, ನೌಕಾದಳ, ಉಕ್ಕಿನ ಕಾರ್ಖಾನೆಗಳಲ್ಲಿ ದುಡಿಯುವವರಿಗೂ, ವಿಜಯವಾಡದಲ್ಲಿ ಹೋಟೆಲು, ಬ್ಯಾಂಕು, ರೈಲ್ವೆ ಎಂದು ನೆಲೆಸಿದವರಿಗೂ ಇದು ಒಂದೇ. ರೈಲಿನಲ್ಲಿ ಜಾಗ ಸಿಗದಿದ್ದರೆ ಕಾರಿನಲ್ಲೇ ಹೊರಡುವವರುಂಟು. ಸಿಕ್ಕಿದರೂ ಉತ್ಸಾಹದಿಂದ ಕಾರು ತೆಗೆಯುವವರೂ ಉಂಟು. ಆದರೆ ನಮಗೆ ರಜೆ ಸಿಗುವ ತಿಂಗಳೂ ಎಂಜಿನುಗಳು ಕುದಿಯುವ ತಿಂಗಳೂ ಒಂದೇ ಆಗಿರುವುದು ನಮ್ಮ ದುರದೃಷ್ಟ. ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ಸುಮಾರು 350 ಕಿಲೋಮೀಟರು. ಈ ಹೆದ್ದಾರಿಯಲ್ಲಿ ಬಾನೆಟ್ಟು ಎತ್ತಿಕೊಂಡು, ಆವಿ ಉಗುಳುತ್ತ, ಮರದ ನೆರಳಿನಲ್ಲಿ ನಿಂತ ಕಾರು ಒಂದು ಕಾಲಕ್ಕೆ ಮೈಲಿಗಲ್ಲಿನಷ್ಟೇ ಸಾಮಾನ್ಯ ದೃಶ್ಯವಾಗಿತ್ತು.

ಇಂದಿನ ಕಾರುಗಳಲ್ಲಿ ಈ ಕಾಟ ಕಡಿಮೆ. ಆದರೆ ಹಳೆಯ ಕಾರುಗಳನ್ನು, ಅದರಲ್ಲೂ ಹಳೆಯ ಸ್ಪೋರ್ಟ್ಸ್ ಕಾರುಗಳನ್ನು ಪ್ರೀತಿಯಿಂದ ಉಳಿಸಿಕೊಂಡವರಿಗೆ ಬೇಸಿಗೆಯೆಂದರೆ ಇಂದಿಗೂ ಭಯವೇ. ಎಂ.ಜಿ., ಟ್ರಯಂಫ್ ಮೊದಲಾದ ಹೆಸರು ಹೊತ್ತ, ಎರಡೇ ಜನ ಕೂರುವ, ಮಾಡು ಮಡಚಿಡಬಹುದಾದ ಆ ಪುಟ್ಟ ಕಾರುಗಳು ನಮ್ಮಲ್ಲಿ ಎಂದೂ ಹೆಚ್ಚಾಗಿರಲಿಲ್ಲ. ಸಿರಿವಂತರ ಆಟಿಕೆಯ ಕಥೆ ನಮಗೇಕೆ ಎಂದು ಓದುಗರು ಕೇಳಬಹುದು. ಈ ಆಟಿಕೆಯ ಬಾನೆಟ್ಟಿನ ಕೆಳಗಿದ್ದ ಎಂಜಿನಿಗೂ ನಮ್ಮ ಬಾಡಿಗೆ ಟ್ಯಾಕ್ಸಿಯ ಎಂಜಿನಿಗೂ ಹತ್ತಿರದ ರಕ್ತಸಂಬಂಧವಿದೆ. ಅದರ ರೋಗವನ್ನು ನಮ್ಮ ಕಡೆಯ ಮೇಸ್ತ್ರಿಗಳು ಗುಣಪಡಿಸಲು ಕಲಿತದ್ದು ಆ ಸಂಬಂಧದ ಬಲದಿಂದಲೇ. ಆ ವಿದ್ಯೆ ಇಂದು ಕೈಬಿಟ್ಟು ಹೋಗುವ ಹಂತದಲ್ಲಿದೆ. ಆದ್ದರಿಂದ ಅದರ ಚರಿತ್ರೆಯನ್ನು ಸ್ವಲ್ಪ ನೋಡೋಣ.

ಕುದಿಯುತ್ತಲೇ ಹುಟ್ಟಿದ ವಾಹನ

ಮೋಟಾರು ಕಾರು ಹುಟ್ಟಿದ್ದೇ ನೀರು ಕುದಿಸಿಕೊಂಡು. ಜರ್ಮನಿಯ ಕಾರ್ಲ್ ಬೆಂಜ್ 1886ರಲ್ಲಿ ಪೇಟೆಂಟು ಪಡೆದ ಮೂರು ಚಕ್ರದ ಗಾಡಿಯಲ್ಲಿ ಇಂದಿನಂಥ ರೇಡಿಯೇಟರ್ ಇರಲಿಲ್ಲ. ಎಂಜಿನಿನ ಸುತ್ತ ಇದ್ದ ನೀರು ಕಾದು, ಆವಿಯಾಗಿ ಹಾರಿಹೋಗುತ್ತಿತ್ತು. ಹೋದಷ್ಟನ್ನು ಮತ್ತೆ ತುಂಬಬೇಕಾಗಿತ್ತು. 1888ರ ಆಗಸ್ಟಿನಲ್ಲಿ ಬೆಂಜ್‌ನ ಹೆಂಡತಿ ಬೆರ್ಥಾ ತನ್ನ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮ್‌ನಿಂದ ತವರೂರು ಪ್ಫೋರ್ಟ್ಸ್‌ಹೈಮ್‌ಗೆ, ನೂರು ಕಿಲೋಮೀಟರಿಗೂ ಮಿಕ್ಕ ದೂರ, ಈ ಗಾಡಿಯನ್ನು ಓಡಿಸಿಕೊಂಡು ಹೋದಳು. ದಾರಿಯುದ್ದಕ್ಕೂ ಸಿಕ್ಕ ಸಿಕ್ಕ ಕಡೆ ಎಂಜಿನಿಗೆ ನೀರು ತುಂಬುವುದೇ ಒಂದು ಕೆಲಸವಾಯಿತು. ಬೇಸಿಗೆಯಲ್ಲಿ ಮಕ್ಕಳೊಡನೆ ತವರಿಗೆ ಹೊರಟು ದಾರಿಯಲ್ಲಿ ನೀರು ಹುಡುಕಿದ ಮೊದಲ ತಾಯಿ ಬೆರ್ಥಾ ಬೆಂಜ್ ಎನ್ನಬೇಕು.

ಇದಕ್ಕೆ ನಿಜವಾದ ಪರಿಹಾರ ಕಂಡುಹಿಡಿದವನು ಡೈಮ್ಲರ್ ಕಂಪನಿಯ ವಿಲ್‌ಹೆಲ್ಮ್ ಮೈಬಾಖ್. 1901ರ ಮೊದಲ ಮರ್ಸಿಡಿಸ್ ಕಾರಿಗೆ ಅವನು ಜೇನುಗೂಡಿನಂಥ ರೇಡಿಯೇಟರ್ ಕೂರಿಸಿದ. ಆರು ಮಿಲಿಮೀಟರು ಚೌಕದ 8,070 ಸಣ್ಣ ಕೊಳವೆಗಳನ್ನು ಜೋಡಿಸಿ ಬೆಸೆದ ಸಾಧನ ಅದು. ಕೊಳವೆಗಳ ಒಳಗೆ ಗಾಳಿ, ಸುತ್ತ ನೀರು. ನೀರನ್ನು ಆವಿಯಾಗಲು ಬಿಡದೆ, ಅದರ ಬಿಸಿಯನ್ನಷ್ಟೇ ಗಾಳಿಗೆ ದಾಟಿಸಿ, ಅದೇ ನೀರನ್ನು ಮತ್ತೆ ಎಂಜಿನಿಗೆ ಕಳಿಸುವುದು ಇದರ ತತ್ತ್ವ. ಇಂದಿನ ಕಾರುಗಳಲ್ಲಿರುವುದೂ ಇದೇ ತತ್ತ್ವ. 1908ರಲ್ಲಿ ಬಂದ ಹೆನ್ರಿ ಫೋರ್ಡನ ಮಾಡೆಲ್ ‘ಟಿ’ ಕಾರುಗಳಲ್ಲಿ ಬಹುಪಾಲಿಗೆ ನೀರಿನ ಪಂಪೂ ಇರಲಿಲ್ಲ. ಬಿಸಿನೀರು ಮೇಲೇರುತ್ತದೆ, ತಣ್ಣೀರು ಕೆಳಗಿಳಿಯುತ್ತದೆ ಎಂಬ ಬಚ್ಚಲ ಹಂಡೆಯ ನಿಯಮವೇ ಅಲ್ಲಿ ಸಾಕಾಗಿತ್ತು. ಎಂಜಿನುಗಳ ಶಕ್ತಿ ಹೆಚ್ಚಿದಂತೆ ಪಂಪು, ಫ್ಯಾನು, ಥರ್ಮೋಸ್ಟಾಟ್, ಕೊನೆಗೆ ಒತ್ತಡದ ಮುಚ್ಚಳ ಒಂದೊಂದಾಗಿ ಬಂದವು.

ಎಂಜಿನಿಗೆ ಇಷ್ಟೊಂದು ಬಿಸಿ ಎಲ್ಲಿಂದ? ಮನೆಯ ಲೆಕ್ಕದಂತೆ ಹೇಳುವುದಾದರೆ, ನೂರು ರೂಪಾಯಿ ಪೆಟ್ರೋಲು ಸುಟ್ಟರೆ ಹಳೆಯ ಎಂಜಿನಿನಲ್ಲಿ ಕೆಲಸಕ್ಕೆ ಒದಗುವುದು ಸುಮಾರು ಇಪ್ಪತ್ತೈದು ರೂಪಾಯಿಯಷ್ಟು. ಮೂವತ್ತರಷ್ಟು ನೀರಿಗೆ ಸೇರುತ್ತದೆ; ಉಳಿದದ್ದರಲ್ಲಿ ಹೆಚ್ಚಿನ ಭಾಗ ಹೊಗೆಯೊಂದಿಗೆ ಹೋಗುತ್ತದೆ. ಕೆಲಸಕ್ಕಿಂತ ಹೆಚ್ಚು ಬಿಸಿಯನ್ನು ರೇಡಿಯೇಟರ್ ಹೊರಹಾಕಬೇಕು. ಅದು ಸೋತರೆ ಮೊದಲು ನೀರು ಕುದಿಯುತ್ತದೆ. ಆಮೇಲೆ ಹೆಡ್ ಗ್ಯಾಸ್ಕೆಟ್ ಸುಡುತ್ತದೆ. ಅದಕ್ಕೂ ಎಚ್ಚರಗೊಳ್ಳದಿದ್ದರೆ ಸಿಲಿಂಡರ್ ಹೆಡ್ಡೇ ಸೊಟ್ಟಗಾಗುತ್ತದೆ.

ತಂಪು ದೇಶದ ಲೆಕ್ಕ

ಎಂ.ಜಿ. ಎಂದರೆ ಮಾರಿಸ್ ಗ್ಯಾರೇಜಸ್. ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಹುಟ್ಟಿದ ಈ ಹೆಸರಿನ ಕಾರುಗಳು 1929ರಿಂದ 1980ರವರೆಗೆ ಸಮೀಪದ ಅಬಿಂಗ್ಡನ್ ಎಂಬ ಊರಿನಲ್ಲಿ ತಯಾರಾದವು. ಇಂದು ನಮ್ಮ ರಸ್ತೆಗಳಲ್ಲಿ ಕಾಣುವ ಎಂ.ಜಿ. ಕಾರುಗಳಲ್ಲಿ ಉಳಿದಿರುವುದು ಆ ಹೆಸರು ಮಾತ್ರ. ಅಬಿಂಗ್ಡನ್ನಿನಲ್ಲಿ ಒಳ್ಳೆಯ ಬೇಸಿಗೆಯ ದಿನವೆಂದರೆ 20 ಡಿಗ್ರಿ ಎಂದಿಟ್ಟುಕೊಳ್ಳೋಣ. ರೇಡಿಯೇಟರಿನ ನೀರು 90 ಡಿಗ್ರಿ ಇದ್ದರೆ ನೀರಿಗೂ ಗಾಳಿಗೂ ನಡುವೆ 70 ಡಿಗ್ರಿ ಅಂತರ. ಬಿಸಿ ಹೊರಹೋಗುವ ಪ್ರಮಾಣ ಈ ಅಂತರವನ್ನು ಅನುಸರಿಸುತ್ತದೆ. ಅದೇ ಕಾರನ್ನು ಮೇ ತಿಂಗಳಲ್ಲಿ, 45 ಡಿಗ್ರಿ ಬಿಸಿಲಿನಲ್ಲಿ ವಿಜಯವಾಡಕ್ಕೆ ತಂದು ನಿಲ್ಲಿಸಿ. ಅಂತರ 45ಕ್ಕೆ ಇಳಿಯಿತು. ಅದೇ ರೇಡಿಯೇಟರ್, ಅದೇ ಫ್ಯಾನು. ಆದರೆ ಮಾಡುವ ಕೆಲಸದಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಖೋತಾ. ಕಾರಿನಲ್ಲಿ ಏನೂ ಕೆಟ್ಟಿರಬೇಕಾಗಿಲ್ಲ. ಲೆಕ್ಕ ಹಾಕಿದವರ ಊರು ಬೇರೆ, ಓಡಿಸುವವರ ಊರು ಬೇರೆ, ಅಷ್ಟೆ.

ವಿಜಯವಾಡದ ಬಿಸಿಲಿನ ಕೀರ್ತಿ ಹೊಸದಲ್ಲ. ಬೆಜವಾಡ ಎಂಬ ಹಳೆಯ ಹೆಸರನ್ನು ‘ಬ್ಲೇಜ್‌ವಾಡ’ ಎಂದು, ಅಂದರೆ ಉರಿಯುವ ವಾಡೆಯೆಂದು, ತಿರುಚಿ ತಮಾಷೆ ಮಾಡಿದವರು ಕಟ್ಟಮಂಚಿ ರಾಮಲಿಂಗಾ ರೆಡ್ಡಿಯವರೆಂದು ಹೇಳುತ್ತಾರೆ. ರೆಡ್ಡಿಯವರು ನಮಗೆ ಪರಕೀಯರಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿ, ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಮುಖ್ಯಾಧಿಕಾರಿಗಳಾಗಿದ್ದು, 1926ರಲ್ಲಿ ಆಂಧ್ರ ವಿಶ್ವವಿದ್ಯಾಲಯದ ಮೊದಲ ಉಪಕುಲಪತಿಗಳಾದವರು. ಆ ವಿಶ್ವವಿದ್ಯಾಲಯ ಮೊದಲು ಬೆಜವಾಡದಲ್ಲಿದ್ದು ಆಮೇಲೆ ವಾಲ್ಟೇರಿನ ಕಡಲತೀರಕ್ಕೆ ಹೋಯಿತು. ಮೈಸೂರಿನ ಹವೆ ಉಂಡು ಬಂದವರಿಗೆ ಬೆಜವಾಡದ ಮೇ ತಿಂಗಳು ಹೇಗೆ ಕಂಡಿರಬೇಕೆಂಬುದನ್ನು ನಮ್ಮ ಓದುಗರು ಊಹಿಸಬಲ್ಲರು.

ಅದೇ ಊರಿನಲ್ಲಿ, ಮದರಾಸು–ಕಲ್ಕತ್ತಾ ಹೆದ್ದಾರಿಯೂ ಮಚಲೀಪಟ್ಟಣದ ಹೆದ್ದಾರಿಯೂ ಕೂಡುವ ವೃತ್ತಕ್ಕೆ ಬೆಂಜ್ ಸರ್ಕಲ್ ಎಂದು ಹೆಸರು. ನೀರು ಕುದಿಸಿಕೊಂಡು ಓಡಿದ ಮೊದಲ ಕಾರಿನ ಒಡೆಯನ ಹೆಸರು ಇಷ್ಟು ಬಿಸಿಯ ಊರಿಗೆ ಅಂಟಿಕೊಂಡಿರುವುದು ವಿಚಿತ್ರ ಯೋಗಾಯೋಗ.

ವಿಶಾಖಪಟ್ಟಣದ ತೊಂದರೆ ಬೇರೆ ಬಗೆಯದು. ಅಲ್ಲಿ ಬಿಸಿಲು ಅಷ್ಟು ಉಗ್ರವಲ್ಲ. ಆದರೆ ಉಪ್ಪುಗಾಳಿ ರೇಡಿಯೇಟರಿನ ತೆಳು ರೆಕ್ಕೆಗಳನ್ನು ತಿನ್ನುತ್ತದೆ, ಕಬ್ಬಿಣದ ಕ್ಲಿಪ್ಪುಗಳಿಗೆ ತುಕ್ಕು ಹಿಡಿಸುತ್ತದೆ. ಊರೊಳಗೇ ಏರುತಗ್ಗು. ಇನ್ನು ಸಿಂಹಾಚಲದ ಬೆಟ್ಟ, ಅರಕು ಕಣಿವೆಗೆ ಹೋಗುವ ಅನಂತಗಿರಿಯ ಘಾಟಿ ಎಂದರೆ ಹಳೆಯ ಎಂಜಿನಿಗೆ ಅಗ್ನಿಪರೀಕ್ಷೆ. ಅರಕು ಸುಮಾರು 115 ಕಿಲೋಮೀಟರು ದೂರ. ಕೊನೆಯ ಏರಿಕೆಯಲ್ಲಿ ಕಾರು ಎರಡನೆಯ ಗೇರಿನಲ್ಲಿ ಮೆಲ್ಲಗೆ ಹತ್ತುವಾಗ ಎಂಜಿನು ಬೆವರು ಸುರಿಸಿ ದುಡಿಯುತ್ತದೆ, ಎದುರಿನಿಂದ ಬೀಸುವ ಗಾಳಿ ಮಾತ್ರ ಸಾಲದು.

ಸ್ಪೋರ್ಟ್ಸ್ ಕಾರಿಗೆ ಈ ಕಷ್ಟ ಎರಡು ಪಟ್ಟು. ಅದರ ಮೂಗು ತಗ್ಗು, ಗಾಳಿಬಾಯಿ ಚಿಕ್ಕದು, ಬಾನೆಟ್ಟಿನ ಒಳಗೆ ಕೈಯಾಡಿಸಲೂ ಜಾಗವಿಲ್ಲ. ಓಡುತ್ತಿದ್ದರೆ ಗಾಳಿ ತಾನಾಗಿ ನುಗ್ಗುತ್ತದೆಂಬ ನಂಬಿಕೆಯ ಮೇಲೆ ಅದನ್ನು ರಚಿಸಿದ್ದಾರೆ. ಲಾರಿ, ಆಟೋ, ಸೈಕಲ್ ರಿಕ್ಷಾಗಳ ಹಿಂದೆ ಅರ್ಧ ಗಂಟೆ ತೆವಳಬೇಕಾದೀತೆಂದು ಅಬಿಂಗ್ಡನ್ನಿನವರು ಎಣಿಸಿರಲಾರರು. 1945ರಿಂದ 1949ರವರೆಗೆ ಬಂದ ಎಂ.ಜಿ. ‘ಟಿ.ಸಿ.’ ಕಾರಿನ ರೇಡಿಯೇಟರಿಗೆ ಒತ್ತಡದ ಮುಚ್ಚಳವೂ ಇರಲಿಲ್ಲ. ನೂರು ಡಿಗ್ರಿ ಮುಟ್ಟಿತೆಂದರೆ ಕುದಿಯಲೇಬೇಕು. 1953ರ ‘ಟಿ.ಎಫ್.’ ಮಾದರಿಯಲ್ಲಿ ಒತ್ತಡದ ವ್ಯವಸ್ಥೆ ಬಂತು. ಮುಚ್ಚಳ ಒಳಗಿನ ಒತ್ತಡವನ್ನು ಹಿಡಿದಿಟ್ಟರೆ, ಪ್ರತಿಯೊಂದು ಪೌಂಡ್ ಒತ್ತಡಕ್ಕೂ ನೀರಿನ ಕುದಿಬಿಂದು ಸುಮಾರು ಒಂದೂವರೆ ಡಿಗ್ರಿ ಮೇಲೇರುತ್ತದೆ. ಏಳು ಪೌಂಡಿನ ಮುಚ್ಚಳವಿದ್ದರೆ ನೀರು ಸುಮಾರು 110 ಡಿಗ್ರಿಯವರೆಗೆ ಕುದಿಯದು. ಅಡುಗೆಮನೆಯ ಪ್ರೆಷರ್ ಕುಕ್ಕರ್ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅನಾಥವಾದ ಕಾರುಗಳು

ಸ್ವಾತಂತ್ರ್ಯದ ಹಿಂದುಮುಂದಿನ ವರ್ಷಗಳಲ್ಲಿ ಬಂದ ಈ ವಿದೇಶಿ ಕಾರುಗಳು ಕೆಲವೇ ವರ್ಷಗಳಲ್ಲಿ ಬಿಡಿಭಾಗಗಳಿಲ್ಲದೆ ಅನಾಥವಾದವು. ಕಾರಣ ನಮ್ಮ ದೇಶದ ಕೈಗಾರಿಕಾ ಚರಿತ್ರೆಯಲ್ಲಿದೆ; ಅದರಲ್ಲಿ ಕನ್ನಡನಾಡಿನ ಪಾತ್ರವೂ ಇದೆ.

ಭಾರತದಲ್ಲೇ ಮೋಟಾರು ತಯಾರಾಗಬೇಕೆಂದು ಪಟ್ಟು ಹಿಡಿದವರು ಸರ್ ಎಂ. ವಿಶ್ವೇಶ್ವರಯ್ಯನವರು. 1935ರಲ್ಲಿ ಯೂರೋಪು, ಅಮೆರಿಕಗಳಿಗೆ ಹೋಗಿ ಅಲ್ಲಿನ ಮೋಟಾರು ಕಾರ್ಖಾನೆಗಳನ್ನು ಕಣ್ಣಾರೆ ಕಂಡು ಬಂದು ಯೋಜನೆ ಸಿದ್ಧಪಡಿಸಿದರು. ಮುಂಬಯಿಯ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಕೈಜೋಡಿಸಿದರು. ಮೊದಲು ಮುಂಬಯಿ ಸರ್ಕಾರ, ಆಮೇಲೆ ಮೈಸೂರು ಸರ್ಕಾರ ಬೆಂಬಲಕ್ಕೆ ಬಂದರೂ ಅಂದಿನ ಬ್ರಿಟಿಷ್ ಭಾರತ ಸರ್ಕಾರ ಒಪ್ಪಲಿಲ್ಲ. ಬೆಂಗಳೂರಿನಲ್ಲಿ ಆಗಬೇಕಾಗಿದ್ದ ಕಾರಿನ ಕಾರ್ಖಾನೆ ಆಗಲಿಲ್ಲ. ಆದರೆ ವಾಲ್‌ಚಂದ್ ಅವರ ಛಲ ಮೂರು ಊರುಗಳಲ್ಲಿ ಫಲ ಕೊಟ್ಟಿತು. 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್. 1941ರ ಜೂನಿನಲ್ಲಿ ರಾಜೇಂದ್ರ ಪ್ರಸಾದರಿಂದ ಶಂಕುಸ್ಥಾಪನೆಯಾದ ವಿಶಾಖಪಟ್ಟಣದ ಸಿಂಧಿಯಾ ಹಡಗುಕಟ್ಟೆ. 1944ರಲ್ಲಿ ಮುಂಬಯಿಯ ಪ್ರೀಮಿಯರ್ ಆಟೋಮೊಬೈಲ್ಸ್. ವಿಶಾಖಪಟ್ಟಣದ ಹಡಗುಕಟ್ಟೆಯಲ್ಲಿ ಕಟ್ಟಿದ ‘ಜಲ ಉಷಾ’ ಹಡಗನ್ನು 1948ರ ಮಾರ್ಚಿನಲ್ಲಿ ನೆಹರೂ ಅವರು ನೀರಿಗಿಳಿಸಿದರು. ನಮ್ಮವರು ಓಡಿಸಿದ ಫಿಯಟ್ ಕಾರೂ, ನಮ್ಮವರು ಕೆಲಸ ಮಾಡಿದ ವಿಶಾಖಪಟ್ಟಣದ ಹಡಗುಕಟ್ಟೆಯೂ ಹೀಗೆ ಒಬ್ಬನೇ ಸಾಹಸಿಯ ಕೂಸುಗಳು.

1953ರಲ್ಲಿ ಸುಂಕ ಆಯೋಗದ ಶಿಫಾರಸಿನಂತೆ, ಇಲ್ಲಿಯೇ ತಯಾರಿಸುವ ಯೋಜನೆಯಿಲ್ಲದೆ ಬರಿಯ ಜೋಡಣೆ ಮಾಡುತ್ತಿದ್ದ ವಿದೇಶಿ ಕಂಪನಿಗಳು ಗಂಟುಮೂಟೆ ಕಟ್ಟಬೇಕಾಯಿತು. ಕಲ್ಕತ್ತಾದ ಬಳಿ ಹಿಂದೂಸ್ತಾನ್ ಮೋಟಾರ್ಸ್, ಮುಂಬಯಿಯಲ್ಲಿ ಪ್ರೀಮಿಯರ್, ಮದರಾಸಿನಲ್ಲಿ ಸ್ಟ್ಯಾಂಡರ್ಡ್ ಈ ಮೂರು ಕಂಪನಿಗಳ ಕಾರುಗಳೇ ಮುಂದಿನ ಮೂರು ದಶಕ ನಮ್ಮ ಪಾಲಿಗೆ ಉಳಿದವು. ಎಂ.ಜಿ. ಇಟ್ಟುಕೊಂಡವನಿಗೆ ಒಂದು ವಾಟರ್ ಪಂಪ್ ಬೇಕೆಂದರೂ ಪರವಾನಗಿ, ಸುಂಕ, ತಿಂಗಳುಗಟ್ಟಲೆ ಕಾಯುವುದು.

ಇಲ್ಲಿ ರಕ್ತಸಂಬಂಧ ಕೆಲಸಕ್ಕೆ ಬಂತು. 1957ರಲ್ಲಿ ಬಂದ ಅಂಬಾಸಿಡರ್ ಕಾರಿಗೆ ಆ ದಶಕದ ಕೊನೆಯಿಂದ ಹಾಕತೊಡಗಿದ 1489 ಸಿ.ಸಿ. ಎಂಜಿನು ಇಂಗ್ಲೆಂಡಿನ ಬಿ.ಎಂ.ಸಿ. ಕಂಪನಿಯ ‘ಬಿ ಸೀರೀಸ್’ ವಂಶದ್ದು. 1955ರ ಎಂ.ಜಿ.ಎ. ಸ್ಪೋರ್ಟ್ಸ್ ಕಾರಿನಲ್ಲಿದ್ದದ್ದೂ ಅದೇ ವಂಶದ, ಅದೇ 1489 ಸಿ.ಸಿ. ಎಂಜಿನು. ಕಾರ್ಬುರೇಟರ್ ಎರಡು, ಬಿರುಸು ಹೆಚ್ಚು, ವ್ಯತ್ಯಾಸ ಅಂಥವು. ಹಾಗೆಯೇ ಮದರಾಸಿನಲ್ಲಿ 1961ರಿಂದ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿನ 948 ಸಿ.ಸಿ. ಎಂಜಿನೂ 1962ರ ಟ್ರಯಂಫ್ ಸ್ಪಿಟ್‌ಫೈರ್ ಸ್ಪೋರ್ಟ್ಸ್ ಕಾರಿನ ಎಂಜಿನೂ ಒಂದೇ ಮನೆತನದವು. ಅವುಗಳಲ್ಲಿ ಉರಿಯುತ್ತಿದ್ದ ಸ್ಪಾರ್ಕ್ ಪ್ಲಗ್ಗುಗಳು ಎಷ್ಟೋ ಸಲ ಬೆಂಗಳೂರಿನ ಮೈಕೋ ಕಾರ್ಖಾನೆಯವು. ಅಂಬಾಸಿಡರ್ ಟ್ಯಾಕ್ಸಿಯನ್ನು ನೂರು ಸಲ ಬಿಚ್ಚಿ ಕಟ್ಟಿದ ಮೇಸ್ತ್ರಿಗೆ ಎಂ.ಜಿ.ಎ.ಯ ಬಾನೆಟ್ಟು ಎತ್ತಿದರೆ ಹಳೆಯ ಪರಿಚಯದ ಮುಖವೇ ಕಾಣುತ್ತಿತ್ತು. ತೆಲುಗರ ಮಾತಿನಲ್ಲಿ ಹೇಳುವುದಾದರೆ, ಇದು ಅದರ ‘ತಮ್ಮುಡು’. ಎಲ್ಲ ಭಾಗಗಳೂ ನೇರವಾಗಿ ಕೂರುವುದಿಲ್ಲ. ಆದರೆ ನೀರು ಎಲ್ಲಿ ಹರಿಯುತ್ತದೆ, ಎಲ್ಲಿ ಕಟ್ಟಿಕೊಳ್ಳುತ್ತದೆ ಎಂಬ ಜ್ಞಾನಕ್ಕೆ ಬಿಡಿಭಾಗ ಬೇಕಿಲ್ಲವಲ್ಲ.

ಆಟೋನಗರದ ವೈದ್ಯ

ವಿಜಯವಾಡದ ಜವಾಹರ್ ಆಟೋನಗರ 1960ರ ದಶಕದಲ್ಲಿ ರೂಪುಗೊಂಡ ಗ್ಯಾರೇಜುಗಳ ಪೇಟೆ. ಲಾರಿಗಳ ಮೈ ಕಟ್ಟುವವರು, ಲೇತ್ ಹಿಡಿದವರು, ಬೆಸುಗೆಯವರು, ರೇಡಿಯೇಟರಿನವರು ಎಲ್ಲರೂ ಅಕ್ಕಪಕ್ಕ. ಇಲ್ಲಿಯ ವಿದ್ಯೆ ಲಾರಿಯಿಂದ ಬಂದದ್ದು. ಕಾರು ಅದಕ್ಕೆ ಚಿಲ್ಲರೆ ಕೆಲಸ. ಅನುಭವಿ ಮೇಸ್ತ್ರಿ ಕುದಿದ ಕಾರನ್ನು ನೋಡಿದೊಡನೆ ಸ್ಪ್ಯಾನರ್ ಎತ್ತುವುದಿಲ್ಲ. ‘ಯಾವಾಗ ಕುದಿಯುತ್ತೆ?’ ಎಂದು ಕೇಳುತ್ತಾನೆ. ಅರ್ಧ ಚಿಕಿತ್ಸೆ ಆ ಪ್ರಶ್ನೆಯಲ್ಲೇ ಇದೆ.

ನಿಂತಾಗ, ತೆವಳುವಾಗ ಮಾತ್ರ ಕುದಿದರೆ ತಪ್ಪು ಗಾಳಿಯದು: ಫ್ಯಾನ್ ಬೆಲ್ಟ್ ಸಡಿಲ, ರೆಕ್ಕೆಗಳ ನಡುವೆ ಧೂಳು, ಹುಳ. ಬೆಲ್ಟನ್ನು ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು ಅರ್ಧ ಅಂಗುಲ ಬಗ್ಗಬೇಕು, ಹೆಚ್ಚಲ್ಲ. ವೇಗದಲ್ಲಿ ಹೋಗುವಾಗ ಕುದಿದರೆ ತಪ್ಪು ನೀರಿನ ಹರಿವಿನದು: ರೇಡಿಯೇಟರಿನ ಕೊಳವೆಗಳು ಸುಣ್ಣಗಟ್ಟಿವೆ, ಪಂಪು ಸವೆದಿದೆ, ಅಥವಾ ಕೆಳಗಿನ ಹಳೆಯ ರಬ್ಬರ್ ಪೈಪು ಸೆಳೆತಕ್ಕೆ ಒಳಗೆ ಕುಸಿಯುತ್ತಿದೆ. ಸ್ಟಾರ್ಟು ಮಾಡಿದ ಸ್ವಲ್ಪ ಹೊತ್ತಿನಲ್ಲೇ ರೇಡಿಯೇಟರಿನ ನೀರಿನಲ್ಲಿ ಗುಳ್ಳೆಗಳೇಳುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ. ಯಾವುದೂ ಇಲ್ಲದಿದ್ದರೆ ನೀರಿನ ಹೊರಗೆ ಹುಡುಕಬೇಕು: ಟೈಮಿಂಗ್ ಹಿಂದೆ ಬಿದ್ದಿರಬಹುದು, ಕಾರ್ಬುರೇಟರ್ ಪೆಟ್ರೋಲು ಕಡಿಮೆ ಕೊಡುತ್ತಿರಬಹುದು, ಬ್ರೇಕು ಹಿಡಿದುಕೊಂಡಿರಬಹುದು. ಇದೆಲ್ಲಕ್ಕೂ ಮುಂಚೆ ಗೇಜು ನಿಜ ಹೇಳುತ್ತಿದೆಯೇ ಎಂದು ಥರ್ಮಾಮೀಟರಿನಿಂದ ನೋಡಬೇಕು.

ಬಹು ಮಂದಿ ಮರೆಯುವ ಸ್ಥಳ ಎಂಜಿನಿನ ಬ್ಲಾಕು. ಎರಕದ ಕಬ್ಬಿಣದ ಬ್ಲಾಕಿನ ಹಿಂಭಾಗದಲ್ಲಿ, ಕೊನೆಯ ಸಿಲಿಂಡರಿನ ಸುತ್ತ, ದಶಕಗಳ ತುಕ್ಕು ಕೆಸರಾಗಿ ಕೂತಿರುತ್ತದೆ. ಹೊಸ ರೇಡಿಯೇಟರ್ ಹಾಕಿದರೂ ಕಾರು ಕುದಿಯುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಬ್ಲಾಕಿನ ಮುಚ್ಚುಬಿಲ್ಲೆಗಳನ್ನು ತೆಗೆದು, ಕಂಬಿಯಿಂದ ಕೆದಕಿ, ನೀರನ್ನು ಹರಿಯುವ ದಿಕ್ಕಿಗೆ ವಿರುದ್ಧವಾಗಿ ಬಿಟ್ಟು ತೊಳೆಯಬೇಕು. ಕಾವಿ ಬಣ್ಣದ ನೀರು ತಿಳಿಯಾಗುವ ತನಕ ತಾಳ್ಮೆ ಬೇಕು.

ಒಂದು ತಪ್ಪು ಔಷಧದ ಮಾತನ್ನೂ ಹೇಳಬೇಕು. ನೀರು ಸುಮಾರು 75ರಿಂದ 82 ಡಿಗ್ರಿ ಮುಟ್ಟುವವರೆಗೆ ರೇಡಿಯೇಟರಿನ ದಾರಿ ಮುಚ್ಚಿಡುವ ಬಾಗಿಲೇ ಥರ್ಮೋಸ್ಟಾಟ್. ಚಳಿ ದೇಶದಲ್ಲಿ ಎಂಜಿನು ಬೇಗ ಬೆಚ್ಚಗಾಗಲೆಂದು ಅದು ಹುಟ್ಟಿತು. ‘ನಮ್ಮ ಸೆಕೆಗೆ ಇದೇಕೆ?’ ಎಂದು ಕಿತ್ತು ಬಿಸಾಡುವುದು ಫಿಯಟ್, ಅಂಬಾಸಿಡರ್ ಕಾಲದಲ್ಲಿ ದೇಶದಾದ್ಯಂತ ರೂಢಿಯಾಯಿತು. ಕೆಟ್ಟು ಮುಚ್ಚಿಕೊಂಡ ಥರ್ಮೋಸ್ಟಾಟನ್ನು ದಾರಿಯಲ್ಲಿ ತೆಗೆದು ಮನೆ ಸೇರುವುದು ಸರಿಯೇ. ಆದರೆ ಅದನ್ನೇ ಶಾಶ್ವತ ಪರಿಹಾರ ಮಾಡಿಕೊಂಡರೆ ಸುಣ್ಣಗಟ್ಟಿದ ರೇಡಿಯೇಟರಿನ ರೋಗ ಮುಚ್ಚಿಹೋಗುತ್ತದೆ. ಬೆಳಗಿನ ಹೊತ್ತು ತಣ್ಣಗೆ ಓಡುವ ಎಂಜಿನು ಬೇಗ ಸವೆಯುತ್ತದೆ. ಎಂ.ಜಿ.ಎ.ಯಂಥ ಕೆಲವು ಎಂಜಿನುಗಳಲ್ಲಿ ಇನ್ನೊಂದು ವಿಶೇಷವಿದೆ. ಅಲ್ಲಿ ಮೂಲ ಥರ್ಮೋಸ್ಟಾಟ್ ತೆರೆದಾಗ ಪಕ್ಕದ ಅಡ್ಡದಾರಿಯನ್ನು ಮುಚ್ಚುತ್ತಿತ್ತು. ಅದನ್ನು ಕಿತ್ತರೆ ಬಿಸಿನೀರಿನ ಒಂದು ಪಾಲು ರೇಡಿಯೇಟರನ್ನು ನೋಡದೆಯೇ ಎಂಜಿನಿಗೆ ಮರಳುತ್ತದೆ. ತಂಪಿಗಾಗಿ ಮಾಡಿದ ಕೆಲಸ ಬಿಸಿಗೇ ದಾರಿಯಾಯಿತು!

ದಾರಿಯಲ್ಲಿ ಕುದಿದರೆ ಏನು ಮಾಡಬೇಕು? ಎಂಜಿನು ನಿಲ್ಲಿಸಿ, ಬಾನೆಟ್ಟು ಎತ್ತಿ, ಅರ್ಧ ಗಂಟೆಯಾದರೂ ಕಾಯಿರಿ. ಬಿಸಿ ರೇಡಿಯೇಟರಿನ ಮುಚ್ಚಳವನ್ನು ಎಂದಿಗೂ ತಿರುಗಿಸಬೇಡಿ. ಆವಿ ಚಿಮ್ಮಿ ಮುಖ, ಕೈ ಸುಟ್ಟುಕೊಂಡವರು ಕಡಿಮೆಯಿಲ್ಲ. ಮಕ್ಕಳನ್ನು ದೂರವಿಡಿ. ಕಾದ ಬ್ಲಾಕಿಗೆ ತಣ್ಣೀರು ಸುರಿದರೆ ಅದು ಬಿರುಕು ಬಿಡಬಹುದು. ಓಡುತ್ತಿರುವಾಗಲೇ ಮುಳ್ಳು ಮೇಲೇರುವುದು ಕಂಡರೆ, ಹೀಟರ್ ಇರುವ ಕಾರಾದರೆ ಅದನ್ನು ಪೂರ್ತಿ ತೆರೆದಿಡಿ. ಅದೂ ಒಂದು ಪುಟ್ಟ ರೇಡಿಯೇಟರೇ. ಮೇ ತಿಂಗಳಲ್ಲಿ ಬೆಜವಾಡದ ದಾರಿಯಲ್ಲಿ ಹೀಟರ್ ಹಾಕಿಕೊಂಡು ಹೋಗುವವರನ್ನು ಕಂಡು ಜನ ನಕ್ಕಾರು. ನಗಲಿ, ಎಂಜಿನು ಉಳಿಯುತ್ತದೆ.

ಉಳಿಯಬೇಕಾದ ಕೈಗಳು

ಹಳೆಯ ರೇಡಿಯೇಟರುಗಳು ತಾಮ್ರ, ಹಿತ್ತಾಳೆಯವು. ಮೇಲಿನ ತೊಟ್ಟಿಯ ಬೆಸುಗೆ ಬಿಚ್ಚಿ, ಒಂದೊಂದೇ ಕೊಳವೆಯಲ್ಲಿ ತೆಳುವಾದ ಪಟ್ಟಿ ತೂರಿಸಿ ಸುಣ್ಣ ಕೆರೆದು, ಸೋರುವುದನ್ನು ನೀರಿನಲ್ಲಿ ಮುಳುಗಿಸಿ ಪರೀಕ್ಷಿಸಿ, ಮತ್ತೆ ಸೀಸ, ತವರದ ಬೆಸುಗೆ ಹಾಕುವುದು ಒಂದು ಪೂರ್ಣ ಕಸುಬು. ಈಗಿನ ಕಾರುಗಳಲ್ಲಿ ಅಲ್ಯೂಮಿನಿಯಂ ರೇಡಿಯೇಟರು, ಅದಕ್ಕೆ ಪ್ಲಾಸ್ಟಿಕ್ ತೊಟ್ಟಿ. ಕೆಟ್ಟರೆ ಬಿಚ್ಚುವುದಿಲ್ಲ, ಎಸೆದು ಹೊಸದು ಹಾಕುತ್ತಾರೆ. ಹೀಗಾಗಿ ಬೆಸುಗೆಯ ಮೇಸ್ತ್ರಿಗೆ ಕೆಲಸ ಕಡಿಮೆ. ಅವನ ಮಗ ಬೇರೆ ಕೆಲಸ ಹಿಡಿಯುತ್ತಾನೆ. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಅದನ್ನು ಬಿಚ್ಚಿ ಕಟ್ಟಿದ ಕೈಗಳಿಗೂ ವಯಸ್ಸಾಗುತ್ತಿದೆ. ಹೊರದೇಶದಿಂದ ಎಂ.ಜಿ.ಯ ಬಿಡಿಭಾಗ ತರಿಸುವುದು ಇಂದು ಹಿಂದಿನಷ್ಟು ಕಷ್ಟವಲ್ಲ. ಆದರೆ ಆ ಭಾಗವನ್ನು ಕೂರಿಸುವ ಮುಂಚೆ ‘ಯಾವಾಗ ಕುದಿಯುತ್ತೆ?’ ಎಂದು ಕೇಳುವ ಮನುಷ್ಯನನ್ನು ತರಿಸಿಕೊಳ್ಳಲಾಗದು.

ನಮ್ಮ ಓದುಗರ ಮನೆಗಳಲ್ಲಿ ಸ್ಪೋರ್ಟ್ಸ್ ಕಾರುಗಳು ವಿರಳ. ಆದರೆ ತಂದೆಯವರು ಕೊಂಡ ಫಿಯಟ್ಟೋ, ಮಾವನವರ ಹೆರಾಲ್ಡೋ ಹೊದಿಕೆ ಹೊದ್ದು ಮೂಲೆಯಲ್ಲಿ ನಿಂತಿರುವುದು ಅಸಂಭವವಲ್ಲ. ಅದನ್ನು ಗುಜರಿಗೆ ಹಾಕುವ ಮುನ್ನ ನಿಮ್ಮ ಊರಿನ ಹಳೆಯ ರೇಡಿಯೇಟರ್ ಮೇಸ್ತ್ರಿಗೆ ಒಮ್ಮೆ ತೋರಿಸಿ. ಅವರು ಬಿಚ್ಚುವಾಗ ಕಾಲೇಜಿನಲ್ಲಿ ಓದುವ ಮಗನನ್ನೋ ಮಗಳನ್ನೋ ಪಕ್ಕದಲ್ಲಿ ನಿಲ್ಲಿಸಿ, ಅವರು ಹೇಳಿದ್ದನ್ನು ಬರೆದುಕೊಳ್ಳಲು ಹೇಳಿ. ಮೇಸ್ತ್ರಿ ತೆಲುಗಿನಲ್ಲಿ ಹೇಳಲಿ, ಮಕ್ಕಳು ಕನ್ನಡದಲ್ಲಿ ಬರೆಯಲಿ. ಅಂಥ ಟಿಪ್ಪಣಿಗಳು ಕೈಸೇರಿದರೆ ಈ ಪತ್ರಿಕೆಯ ಪುಟಗಳಲ್ಲಿ ಅವಕ್ಕೆ ಜಾಗವಿದ್ದೇ ಇರುತ್ತದೆ ಎಂದು ನಾವು ನಂಬಿದ್ದೇವೆ.